ಗೋದಲಿಯ ಕಥೆ ಕೆನರೆಗೆ ಬಂದ ಬಗೆ

ಮಹಿಷಮರ್ದಿನಿಯ ಸನ್ನಿಧಿಯಿಂದ ಪ್ರಸಿದ್ಧವಾದ ಉಡುಪಿಯ ಕಡಿಯಾಳಿಯಿಂದ ಉತ್ತರಾಭಿಮುಖವಾಗಿ ಕೆಲವು ಮೈಲಿ ನಡೆದರೆ, ಸುವರ್ಣಾನದಿಯ ಸಮೀಪದ ಕಲ್ಯಾಣಪುರದಲ್ಲಿ 1678ರಷ್ಟು ಹಿಂದೆಯೇ ಸ್ಥಾಪಿತವಾದ ಮಿಲಾಗ್ರಿಸ್ ಇಗರ್ಜಿಯು ಎದುರಾಗುತ್ತದೆ. ಕನ್ಯೆ ಮರಿಯಳು ಪವಿತ್ರಾತ್ಮನ ಪ್ರಭಾವದಿಂದ ಗರ್ಭವತಿಯಾದಳೆಂದೂ, ಬೆತ್ಲೆಹೇಮಿನ ಛತ್ರದಲ್ಲಿ ಸ್ಥಳ ದೊರೆಯದೆ ಶಿಶುವನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದಳೆಂದೂ ಲೂಕನ ಸುವಾರ್ತೆಯು ಹೇಳುವ ವೃತ್ತಾಂತವು, ಗೋವೆಯಿಂದ ವಲಸೆ ಬಂದ ಕೊಂಕಣಿ ಕ್ರೈಸ್ತರೊಡನೆ ಕೆನರೆಯೆನಿಸಿದ ಈ ಕರಾವಳಿಯಲ್ಲಿ ಬೇರೂರಿತು.

ಆ ವೃತ್ತಾಂತವನ್ನು ಅವರು ಕಾಪಾಡಿಕೊಂಡು ಬಂದ ರೀತಿಯೇ ಕುತೂಹಲಕರವಾದುದು. ಆಂಗ್ಲ ಜೆಸುಯಿಟ್ ಪಾದ್ರಿ ಥಾಮಸ್ ಸ್ಟೀಫನ್ಸನು ಸುಮಾರು 11,000 ಮರಾಠಿ ಓವಿ ಪದ್ಯಗಳಲ್ಲಿ ರಚಿಸಿದ, 1616ರಲ್ಲಿ ಗೋವೆಯ ರಾಚೋಲಿನಲ್ಲಿ ಮುದ್ರಿತವಾದ ‘ಕ್ರಿಸ್ತಪುರಾಣ’ದ ಆ ಮೊದಲ ಮುದ್ರಣದ ಪ್ರತಿ ಒಂದೂ ಇಂದು ಲಭ್ಯವಿಲ್ಲದಿರಲು, ಕೃತಿಯು ಉಳಿದುದು ಹಸ್ತಪ್ರತಿಗಳಿಂದಲೇ; ಕೆನರೆಯ ಮನೆತನಗಳೂ ಅವನ್ನು ಜತನದಿಂದಿರಿಸಿದ್ದವು. ಅದನ್ನು 1907ರಲ್ಲಿ ಮಂಗಳೂರಿನಲ್ಲಿ ಮರಳಿ ಅಚ್ಚು ಮಾಡಿಸಿದವರು ಜೋಸೆಫ್ ಸಲ್ಡಾನ್ಹಾ. ಪರದೇಶದ ಪಾದ್ರಿಯು ದೇಶೀಯ ಛಂದಸ್ಸಿನ ಶಕ್ತಿಯನ್ನು ಅರಿತನೆಂಬುದು ಸಣ್ಣ ಮಾತಲ್ಲ. ಪ್ರಾಟೆಸ್ಟಂಟರಲ್ಲಿ ಮಿಷನರಿ ಕಿಟ್ಟೆಲನೂ 1862ರ ‘ಕಥಾಮಾಲೆ’ಯಲ್ಲಿ ಯೇಸುಚರಿತೆಯನ್ನು ಕನ್ನಡ ಪದ್ಯಕ್ಕಿಳಿಸಿದನು.

ಯೇಸುವಿನ ಜನ್ಮದಿನವಾಗಿ ಆಚರಿಸುವ ಡಿಸೆಂಬರ್ 25 ಎಂಬ ದಿನವಾದರೋ ಸುವಾರ್ತೆಗಳಲ್ಲಿಲ್ಲ. ಅದು ನಾಲ್ಕನೆಯ ಶತಮಾನದ ರೋಮಿನ ರೂಢಿ. ಆ ದಿನ ಇಲ್ಲಿನ ಮನೆಗಳಲ್ಲಿ ತೆಂಗಿನ ತುರಿ, ಎಳ್ಳು ತುಂಬಿ ಕರಿದ ನೆವ್ರಿ, ಸುರುಳಿಯಾದ ಕಿಡಿಯೊಗಳ ‘ಕುಸ್ವಾರ್’ ತಟ್ಟೆಯು ನೆರೆಯ ಹಿಂದೂಗಳ ಮನೆಗೂ ಹೋಗುವುದು ವಾಡಿಕೆ.