ಗಂಟೆ ಬಾರಿಸಿದವರ ಚರಿತ್ರೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಹೈಸ್ಕೂಲುಗಳ ಚರಿತ್ರೆಯೆಂದರೆ ಹೆಡ್‌ಮಾಸ್ತರರ ಹೆಸರಿನ ಬೋರ್ಡು. ಗಂಟೆ ಬಾರಿಸಿದವರ ಬೋರ್ಡು ಎಲ್ಲೈತಿ? 1948ರವರೆಗಿನ ನಿಜಾಮಶಾಹಿಯಲ್ಲಿ ಅವರು ಚಪ್ರಾಸಿ, ಆಮೇಲೆ ಜವಾನ, ಈಗ ಡಿ ಗ್ರೂಪ್. ಹೆಸರು ಬದಲಾಯಿತು, ಕೈಯಾಗಿನ ಕಸಬರಿಗೆ ಬದಲಾಗಲಿಲ್ಲ.

2002ರಲ್ಲಿ ಅಕ್ಷರ ದಾಸೋಹದ ಒಲೆ ರಾಜ್ಯದಲ್ಲಿ ಮೊದಲು ಹೊತ್ತಿದ್ದು ಕೊಪ್ಪಳವೂ ಸೇರಿದ ಏಳು ಜಿಲ್ಲೆಗಳಲ್ಲಿ. 2007ರಲ್ಲಿ ಅದು ಹೈಸ್ಕೂಲಿಗೂ ಬಂತು. ಒಲೆ ಮುಂದೆ ನಿಂತವರು ಬಡ ಹೆಂಗಸರು. ದಲಿತ ಅವ್ವ ಸೌಟು ಹಿಡಿದರೆ ಮಕ್ಕಳಿಗೆ ಊಟ ಬಿಡಿಸುವ ಊರುಗಳೂ ಕರ್ನಾಟಕದಲ್ಲಿವೆ. 2009ರಲ್ಲಿ ಕೇಂದ್ರ ಸರಕಾರ ಇವರಿಗೆ ಗೊತ್ತುಮಾಡಿದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು. ಸಂಬಳ ಅನ್ನಲಿಲ್ಲ, 'ಗೌರವಧನ' ಅಂದರು. ಸಂಬಳ ಅಂದರೆ ಹಕ್ಕೂ ಕೊಡಬೇಕಲ್ಲ!

ಗೆಳೆಯರೇ, ನಿಮ್ಮ ಶಾಲೆಯ ಗಂಟೆ ಬಾರಿಸಿದವರ, ಒಲೆ ಹೊತ್ತಿಸಿದವರ ಹೆಸರು ಕೇಳಿ ಬರಕೊಳ್ಳಿ. ಚರಿತ್ರೆ ಅಲ್ಲಿಂದ ಶುರುವಾಗಲಿ.