ಡೇಟಾ ಸೆಂಟರ್ ಪಕ್ಕದ ರಣರಂಗ

ಕ್ಲೌಡ್ ಕೆಲಸ ಮಾಡೋರಿಗೆಲ್ಲ 'ಯುಎಸ್ ಈಸ್ಟ್ ಒನ್' ಗೊತ್ತು. ಅಮೆಜಾನ್‌ನ ಆ ಸರ್ವರ್‌ಗಳಿರೋದು ಅಮೆರಿಕದ ಉತ್ತರ ವರ್ಜೀನಿಯಾದಲ್ಲಿ. ಅಲ್ಲಿನ ಅಂತರ್ಯುದ್ಧದ ಮೊದಲ ದೊಡ್ಡ ಕಾಳಗ ನಡೆದ ಮನಾಸಸ್ ಕೂಡ ಅದೇ ಸೀಮೆಯಲ್ಲಿದೆ. 1861ರ ಜುಲೈ 21ರಂದು ಒಮ್ಮೆ, 1862ರ ಆಗಸ್ಟ್ ಕೊನೆಗೆ ಇನ್ನೊಮ್ಮೆ, ಒಂದೇ ನೆಲದಲ್ಲಿ ಎರಡು ಯುದ್ಧ. ಆ ನೆಲವನ್ನು ಕಾಯುತ್ತಾ ಬಂದ ಸಾಮಾನ್ಯ ಜನರ ಬಗ್ಗೆ ಇವತ್ತಿನ ಮಾತು.

ಕೋಟೆ ಕಾಯೋದಕ್ಕಿಂತ ರಣರಂಗ ಕಾಯೋದು ಕಷ್ಟ. ಕೋಟೆಗೆ ಗೋಡೆ, ಬುರುಜು ಇರುತ್ತೆ. ನೋಡಿದ ಕೂಡಲೇ ಹಳೇದು ಅಂತ ಗೊತ್ತಾಗುತ್ತೆ. ರಣರಂಗದಲ್ಲಿ ಏನಿದೆ? ಬಯಲು, ದಿಣ್ಣೆ, ಹಳ್ಳ. ಬಿಲ್ಡರ್ ಕಣ್ಣಿಗೆ ಅದು ಖಾಲಿ ಸೈಟು. ಆದರೆ ಸೈನ್ಯ ಆ ದಿಣ್ಣೆಯನ್ನೇ ಯಾಕೆ ಹಿಡೀತು, ಫಿರಂಗಿ ಎಲ್ಲಿ ನಿಂತಿತ್ತು ಅನ್ನೋದು ತಿಳಿಯೋದು ನೆಲದ ಏರಿಳಿತದಿಂದಲೇ. ಮಟ್ಟ ಮಾಡಿಬಿಟ್ರೆ ಸಾಕ್ಷಿಯೇ ಹೋಯ್ತು.

ಹತ್ತಿರದ ಶಾಂಟಿಲಿಯಲ್ಲಿ ಹಾಗೇ ಆಯ್ತು. 1862ರ ಸೆಪ್ಟೆಂಬರ್ 1ರಂದು ಗುಡುಗು ಮಳೆಯಲ್ಲಿ ನಡೆದ ಕಾಳಗದಲ್ಲಿ ಉತ್ತರದವರ ಇಬ್ಬರು ಜನರಲ್‌ಗಳು ಸತ್ತ ಜಾಗ ಅದು. 1980ರ ದಶಕದಲ್ಲಿ ಮನೆ, ಅಂಗಡಿ ಎದ್ದು, ಈಗ ಸುಮಾರು 5 ಎಕರೆ ಪಾರ್ಕು ಮಾತ್ರ ಉಳಿದಿದೆ. ಆ ಪೆಟ್ಟು ತಿಂದ ಮೇಲೆ 1987ರಲ್ಲಿ ಕೆಲವು ಇತಿಹಾಸಾಸಕ್ತರು ಸೇರಿ ಸಂಘ ಕಟ್ಟಿದರು. ಭಾಷಣ ಬಿಟ್ಟು ಜಮೀನು ಕೊಳ್ಳೋಣ ಅಂತ ಹೊರಟರು. ಅದರ ಇಂದಿನ ರೂಪವೇ ಅಮೆರಿಕನ್ ಬ್ಯಾಟಲ್‌ಫೀಲ್ಡ್ ಟ್ರಸ್ಟ್. ಇದುವರೆಗೆ ಉಳಿಸಿದ್ದು 55,000 ಎಕರೆಗೂ ಹೆಚ್ಚು.

1988ರಲ್ಲಿ ಮನಾಸಸ್‌ಗೇ ಕುತ್ತು ಬಂತು. ಎರಡನೇ ಯುದ್ಧದಲ್ಲಿ ಜನರಲ್ ಲೀ ಬೀಡುಬಿಟ್ಟಿದ್ದ ಗುಡ್ಡದಲ್ಲಿ ಶಾಪಿಂಗ್ ಮಾಲ್ ಯೋಜನೆ. ಪಕ್ಕದಲ್ಲೇ ಜಮೀನಿದ್ದ ಆ್ಯನಿ ಸ್ನೈಡರ್ ಅನ್ನೋ ಮಹಿಳೆ ಮುಂದೆ ನಿಂತು ಸಹಿ ಸಂಗ್ರಹಿಸಿದರು, ಸಭೆ ಸೇರಿಸಿದರು. ಬುಲ್ಡೋಜರ್ ಕೆಲಸ ಶುರುವಾದ ಮೇಲೂ ಬಿಡಲಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಸಂಸತ್ತಿನ ಕಾನೂನಿನಿಂದ 542 ಎಕರೆ ಸರ್ಕಾರದ ವಶಕ್ಕೆ ಬಂತು. ತಡವಾಗಿ ಎಚ್ಚೆತ್ತಿದ್ದಕ್ಕೆ ಬೆಲೆ 10 ಕೋಟಿ ಡಾಲರ್‌ಗೂ ಮಿಕ್ಕಿ!

ಮುಂದೆ ಡೇಟಾ ಸೆಂಟರ್ ಸರದಿ. ಆ್ಯನಿ ಅವರ ಜಮೀನಿದ್ದ ಪೇಜ್‌ಲ್ಯಾಂಡ್ ರಸ್ತೆಯ ಉದ್ದಕ್ಕೂ, ರಣರಂಗಕ್ಕೆ ಅಂಟಿಕೊಂಡೇ, 2,100 ಎಕರೆಯಷ್ಟು ಜಾಗದಲ್ಲಿ ಯೋಜನೆ. 2023ರ ಡಿಸೆಂಬರ್‌ನಲ್ಲಿ ನಡೆದ ಅಹವಾಲು ಸಭೆ ಹಗಲು ರಾತ್ರಿ 24 ಗಂಟೆ ಮೀರಿತು. ಜನ ಸರದಿಯಲ್ಲಿ ಕಾದು ಮಾತಾಡಿದರು. ಆದರೂ ಒಪ್ಪಿಗೆ ಸಿಕ್ಕಿತು. ಅಕ್ಕಪಕ್ಕದವರು ಕೋರ್ಟಿಗೆ ಹೋದರು. 2025ರ ಆಗಸ್ಟ್‌ನಲ್ಲಿ ನ್ಯಾಯಾಧೀಶರು ಆ ಒಪ್ಪಿಗೆಯನ್ನು ರದ್ದು ಮಾಡಿದರು. ಕಾರಣ ಗೊತ್ತಾ? ಸಭೆಯ ಪ್ರಕಟಣೆಯನ್ನು ಪತ್ರಿಕೆಯಲ್ಲಿ ನಿಯಮದ ಪ್ರಕಾರ ಕೊಟ್ಟಿರಲಿಲ್ಲ. ಅದರ ಮೇಲೂ ಮೇಲ್ಮನವಿ ಹೋಯಿತು.

ಸ್ವಯಂಸೇವೆ ಅಂದ್ರೆ ಏಪ್ರಿಲ್‌ನ 'ಪಾರ್ಕ್ ಡೇ' ದಿನ ಬೇಲಿಗೆ ಬಣ್ಣ ಹೊಡೆದು, ಕಸ ಹೆಕ್ಕೋದು ಅಂದ್ಕೋತೀವಿ. ಅದೂ ಬೇಕು. ಆದರೆ ನೆಲ ಉಳಿಸಿದ್ದು ಹೆಚ್ಚಾಗಿ ಬೇಸರದ ಕೆಲಸ: ನೋಟೀಸು ಓದೋದು, ನಕ್ಷೆ ತಾಳೆ ನೋಡೋದು, ಸಭೆಗೆ ಹೋಗಿ ಕೂರೋದು. ಅದೂ ಬುಲ್ಡೋಜರ್ ಬರೋ ಮುಂಚೆ.