ಬೆಂಕಿಯೋ ಭೂಕಂಪವೋ? ಸ್ಯಾನ್ ಫ್ರಾನ್ಸಿಸ್ಕೊ 1906

ಕಾಮರ್ಸ್ ಹಿಸ್ಟರಿ ಸೀರೀಸ್, ಕಂತು 7. ಒಂದು ಕ್ಯಾಪ್ಶನ್‌ನಲ್ಲಿ ಹಿಡಿಯಲ್ಲ, ನಾಲ್ಕು ಪೋಸ್ಟ್ ಆಗತ್ತೆ. ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

1/4

ಈ ಫೋಟೋನ ಸ್ವಲ್ಪ ಜೂಮ್ ಮಾಡಿ ನೋಡಿ. ಇಳಿಜಾರು ರಸ್ತೆ. ಒಂದು ಮನೆಯ ಮುಂಭಾಗ ಪೂರ್ತಿ ಕುಸಿದು ರಸ್ತೆಗೆ ಬಿದ್ದಿದೆ. ಜನ ನಿಂತು ನೋಡ್ತಿದ್ದಾರೆ, ಕೆಲವರಂತೂ ಕುರ್ಚಿ ಹಾಕ್ಕೊಂಡು ಕೂತಿದ್ದಾರೆ. ಕೆಳಗಡೆ ದಟ್ಟವಾದ ಹೊಗೆ.

ಇದು ಸ್ಯಾನ್ ಫ್ರಾನ್ಸಿಸ್ಕೊದ ಸ್ಯಾಕ್ರಮೆಂಟೊ ಬೀದಿ, 1906ರ ಏಪ್ರಿಲ್ 18. ತೆಗೆದವರು ಆರ್ನಲ್ಡ್ ಗೆಂಥೆ. ಅವರ ಸ್ವಂತ ಕ್ಯಾಮೆರಾಗಳು ಬೆಳಗಿನ ಭೂಕಂಪದಲ್ಲೇ ಹಾಳಾಗಿದ್ವು. ಮಾಂಟ್ಗೊಮರಿ ಬೀದಿಯ ಕ್ಯಾಮೆರಾ ಅಂಗಡಿಗೆ ಹೋಗಿ ಒಂದು ಕ್ಯಾಮೆರಾ ಕೇಳಿದ್ರೆ, ಅಂಗಡಿಯವರು ‘ಯಾವ್ದು ಬೇಕೋ ತಗೊಂಡು ಹೋಗಿ, ಹೇಗಿದ್ರೂ ಇದೆಲ್ಲ ಸುಟ್ಟು ಹೋಗತ್ತೆ’ ಅನ್ನೋ ಅರ್ಥದಲ್ಲಿ ಹೇಳಿ ಕಳಿಸಿದ್ರಂತೆ.

ಆ ಅಂಗಡಿಯವರ ಜಾಗದಲ್ಲಿ ನಿಂತು ಯೋಚನೆ ಮಾಡಿ. ಕಣ್ಣ ಮುಂದೆ ಸ್ಟಾಕ್ ಎಲ್ಲ ಹೋಗ್ತಿದೆ. ಇಂಥ ಹೊತ್ತಲ್ಲಿ ಯಾವ ವ್ಯಾಪಾರಿಯ ತಲೆಗೂ ಬರೋದು ಒಂದೇ ಪ್ರಶ್ನೆ: ಇನ್ಶೂರೆನ್ಸ್ ಸಿಗತ್ತಾ?

2/4

ಬೆಳಗ್ಗೆ 5:12ಕ್ಕೆ ಭೂಮಿ ನಡುಗಿತು. ಒಂದು ನಿಮಿಷದೊಳಗೆ ಮುಗೀತು. ಆದ್ರೆ ಗ್ಯಾಸ್ ಪೈಪ್ ಒಡೆದು, ಒಲೆ ಉರುಳಿ, ಎಲ್ಲೆಲ್ಲೋ ಬೆಂಕಿ ಹತ್ಕೊಂಡ್ತು. ಆರಿಸೋಣ ಅಂದ್ರೆ ನೀರಿನ ಮೇನ್ ಪೈಪುಗಳೂ ಒಡೆದಿದ್ವು. ಬೆಂಕಿ ಹರಡದ ಹಾಗೆ ತಡೀಬೇಕು ಅಂತ ಸೈನ್ಯದವರು ಡೈನಮೈಟ್ ಇಟ್ಟು ಕಟ್ಟಡ ಉರುಳಿಸಿದ್ರು, ಅದರಿಂದ ಇನ್ನಷ್ಟು ಕಡೆ ಹೊತ್ಕೊಂಡ್ತು. ಮೂರು ದಿನಕ್ಕೂ ಮೇಲೆ ಉರೀತು. ಸುಮಾರು 28,000 ಕಟ್ಟಡ ಹೋದ್ವು. ಸುಮಾರು 4 ಲಕ್ಷ ಜನರ ಊರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮನೆ ಇಲ್ಲದಂತಾಯ್ತು.

ಈಗ ಪಾಲಿಸಿಗೆ ಬರೋಣ. ಹೆಚ್ಚಿನ ವ್ಯಾಪಾರಿಗಳ ಹತ್ರ ಇದ್ದಿದ್ದು ಬೆಂಕಿ ವಿಮೆ. ಊರು ಸುಟ್ಟಿದ್ದೂ ಬೆಂಕಿಯಿಂದಲೇ. ಹಾಗಿದ್ರೆ ತಕರಾರು ಏನು?

ತಕರಾರು ಒಳಗಿನ ಸಣ್ಣ ಅಕ್ಷರದಲ್ಲಿತ್ತು. ಕೆಲವು ಪಾಲಿಸಿಗಳಲ್ಲಿ ಭೂಕಂಪದಿಂದ ಆದ ನಷ್ಟಕ್ಕೆ ಹಣ ಇಲ್ಲ ಅಂತ ನೇರವಾಗಿ ಬರೆದಿತ್ತು. ಇನ್ನು ತುಂಬಾ ಪಾಲಿಸಿಗಳಲ್ಲಿ ‘ಫಾಲನ್ ಬಿಲ್ಡಿಂಗ್ ಕ್ಲಾಸ್’ ಇತ್ತು. ಅದರ ಅರ್ಥ: ಬೆಂಕಿ ಬಿಟ್ಟು ಬೇರೆ ಕಾರಣಕ್ಕೆ ಕಟ್ಟಡ, ಅಥವಾ ಅದರ ಯಾವುದೋ ಒಂದು ಭಾಗ ಬಿದ್ರೆ, ಆ ಕ್ಷಣವೇ ವಿಮೆ ಖತಂ. ಕಟ್ಟಡಕ್ಕೂ ಅಷ್ಟೇ, ಒಳಗಿರೋ ಸರಕಿಗೂ ಅಷ್ಟೇ. ಅಂದ್ರೆ 5:12ಕ್ಕೆ ಒಂದು ಗೋಡೆ ಬಿದ್ದು, ಮಧ್ಯಾಹ್ನ ಅಂಗಡಿ ಸುಟ್ಟು ಹೋದ್ರೆ, ಸುಡೋ ಹೊತ್ತಿಗೆ ಆ ಅಂಗಡಿಗೆ ವಿಮೆನೇ ಇರಲಿಲ್ಲ ಅಂತ ಕಂಪನಿ ವಾದ ಮಾಡಬಹುದಿತ್ತು. ಸರ್ಕಾರಿ ಅಧಿಕಾರಿಗಳ ಆದೇಶದ ಮೇಲೆ ಆದ ನಾಶಕ್ಕೂ ಕೊಡಲ್ಲ ಅಂತ ಇನ್ನೊಂದು ಷರತ್ತು. ಡೈನಮೈಟ್ ಕೇಸುಗಳಿಗೆ ಅದು ಬೇರೆ ತಲೆನೋವು.

ಮೊದಲ ಫೋಟೋಗೆ ಮತ್ತೆ ಸ್ವೈಪ್ ಮಾಡಿ. ಬಿದ್ದ ಗೋಡೆ ಒಂದ್ಕಡೆ, ಹೊಗೆ ಇನ್ನೊಂದ್ಕಡೆ. ಒಂದಕ್ಕೆ ದುಡ್ಡಿದೆ, ಇನ್ನೊಂದಕ್ಕೆ ಇಲ್ಲ.

3/4

ಜನ ಇದನ್ನ ಬೇಗ ಅರ್ಥ ಮಾಡ್ಕೊಂಡ್ರು. ಭೂಕಂಪಕ್ಕೆ ಬಿರುಕು ಬಿಟ್ಟ ತಮ್ಮದೇ ಮನೆಗಳಿಗೆ ಜನ ಬೆಂಕಿ ಹಚ್ಚುತ್ತಿದ್ದಾರೆ ಅಂತ ಅಗ್ನಿಶಾಮಕದವರೊಬ್ಬರು ಸೈನ್ಯದ ಅಧಿಕಾರಿಗೆ ಹೇಳಿದ್ದು ದಾಖಲಾಗಿದೆ. ತಪ್ಪು, ಅಪರಾಧ, ಎಲ್ಲ ಸರಿ. ಆದ್ರೆ ನಷ್ಟ ಅದೇ ಇದ್ದು, ಬರೀ ಕಾರಣದ ಹೆಸರು ಬೇರೆ ಅಂತ ಜೀವಮಾನದ ಗಳಿಕೆ ಹೋಗೋದಾದ್ರೆ ಮನುಷ್ಯ ಏನು ಮಾಡ್ತಾನೆ ಅನ್ನೋದಕ್ಕೆ ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ.

ಕಂಪನಿಗಳು ಒಂದೊಂದು ಒಂದೊಂದು ಥರ ನಡ್ಕೊಂಡ್ವು. ಲಂಡನ್ನಿನ ಲಾಯ್ಡ್ಸ್‌ನಲ್ಲಿದ್ದ ಕತ್ಬರ್ಟ್ ಹೀತ್, ಪಾಲಿಸಿ ಷರತ್ತು ಏನೇ ಇರಲಿ ಎಲ್ಲರಿಗೂ ಪೂರ್ತಿ ಕೊಟ್ಬಿಡಿ ಅಂತ ತನ್ನ ಏಜೆಂಟ್‌ಗೆ ತಂತಿ ಕಳಿಸಿದ. ಅಮೆರಿಕದಲ್ಲಿ ಲಾಯ್ಡ್ಸ್‌ಗೆ ಹೆಸರು ಬಂದಿದ್ದರಲ್ಲಿ ಆ ಒಂದು ತಂತಿಯ ಪಾಲು ದೊಡ್ಡದು. ಜರ್ಮನಿ, ಆಸ್ಟ್ರಿಯಾದ ಕೆಲವು ಕಂಪನಿಗಳು ಕೊಡಲ್ಲ ಅಂದ್ಬಿಟ್ವು. ನಡುವೆ ಒಂದು ಗುಂಪಿತ್ತು: ಒಂದು ಭಾಗ ಭೂಕಂಪದ ಪಾಲು ಅಂತ ಕಳೆದು ಡಾಲರಿಗೆ 75 ಸೆಂಟ್ ಕೊಡ್ತೀವಿ ಅನ್ನೋರು. ಅಲ್ಲಿನವರು ಇವರಿಗೆ ‘ಸಿಕ್ಸ್ ಬಿಟ್’ ಕಂಪನಿಗಳು ಅಂತ ಹೆಸರಿಟ್ರು. ನಮ್ಮ ಅಜ್ಜಿ ಲೆಕ್ಕದಲ್ಲಿ ಹೇಳೋದಾದ್ರೆ ಹನ್ನೆರಡಾಣೆ ಕಂಪನಿಗಳು. ಎಷ್ಟೋ ಕಂಪನಿ ಮುಳುಗಿಯೇ ಹೋದ್ವು. ಸ್ಥಳೀಯ ಕಂಪನಿ ಫೈರ್‌ಮನ್ಸ್ ಫಂಡ್‌ನ ಆಫೀಸೇ ದಾಖಲೆ ಸಮೇತ ಸುಟ್ಟಿತ್ತು. ಅವರು ಸುಮಾರು ಅರ್ಧ ನಗದು, ಉಳಿದಿದ್ದಕ್ಕೆ ಹೊಸ ಕಂಪನಿಯ ಷೇರು ಕೊಟ್ಟು ಉಳ್ಕೊಂಡ್ರು. ಕ್ಲೈಮ್ ಹಾಕೋಕೆ ಹೋಗಿ ಷೇರುದಾರ ಆಗೋದು!

ಅಕೌಂಟ್ಸ್ ಓದೋರಿಗೆ ಒಂದು ಡೀಟೇಲ್. ಲೆಡ್ಜರ್ ಇಟ್ಟಿದ್ದ ಕಬ್ಬಿಣದ ತಿಜೋರಿಗಳು ಬೆಂಕಿಯಲ್ಲಿ ಉಳಿದಿದ್ವು. ಆದ್ರೆ ಒಳಗೆ ಇನ್ನೂ ಕಾದಿತ್ತು. ಆತುರಕ್ಕೆ ಬಾಗಿಲು ತೆಗೆದವರ ಪುಸ್ತಕಗಳು ಗಾಳಿ ತಗುಲಿದ್ದೇ ತಡ ಭಗ್ ಅಂತ ಹೊತ್ಕೊಂಡ್ವು. ಎಷ್ಟು ಸ್ಟಾಕ್ ಇತ್ತು ಅನ್ನೋದಕ್ಕೆ ಸಾಕ್ಷಿಯೂ ಹೋಯ್ತು.

4/4

ನಮ್ಮಲ್ಲಿ? ವರ್ಷಗಟ್ಟಲೆ ಅಂಗಡಿ ಫ್ಯಾಕ್ಟರಿಗಳಿಗೆ ಮಾರ್ತಿದ್ದಿದ್ದು ಸ್ಟ್ಯಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್ ಪಾಲಿಸಿ. ಅದರಲ್ಲಿ ಭೂಕಂಪ ಇರಲಿಲ್ಲ, ಬೇಕಾದ್ರೆ ಮೇಲೆ ದುಡ್ಡು ಕೊಟ್ಟು ಸೇರಿಸ್ಕೋಬೇಕು. ಆ ಆ್ಯಡ್-ಆನ್ ಹೆಸರು ‘ಅರ್ತ್‌ಕ್ವೇಕ್, ಫೈರ್ ಅಂಡ್ ಶಾಕ್’. ಅಲುಗಾಟಕ್ಕೂ ಕೊಡ್ತೀವಿ, ಅದರಿಂದ ಹುಟ್ಟೋ ಬೆಂಕಿಗೂ ಕೊಡ್ತೀವಿ ಅಂತ ಎರಡನ್ನೂ ಹೆಸರಲ್ಲೇ ಬರ್ದಿದ್ದಾರೆ. ನನಗಂತೂ ಅದನ್ನ ಓದಿದಾಗ 1906 ನೆನಪಾಯ್ತು. 2021ರ ಏಪ್ರಿಲ್ 1ರಿಂದ ಒಂದು ಜಾಗದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಗೆ ‘ಭಾರತ್ ಸೂಕ್ಷ್ಮ ಉದ್ಯಮ್ ಸುರಕ್ಷಾ’ ಇದೆ, ಅದರಲ್ಲಿ ಭೂಕಂಪ ಒಳಗೇ ಸೇರಿದೆ. ಆದ್ರೆ ಮಾಮೂಲಿ ಕಳ್ಳತನಕ್ಕೆ ಬರ್ಗ್ಲರಿ ಪಾಲಿಸಿ ಬೇರೆ, ಅಂಗಡಿ ಮುಚ್ಚಿದ ತಿಂಗಳುಗಳ ಲಾಭಕ್ಕೆ ಲಾಸ್ ಆಫ್ ಪ್ರಾಫಿಟ್ ಕವರ್ ಬೇರೆ.

ಇನ್ನು ನಮ್ಮ ಸಿಲಬಸ್‌ನ ಆ್ಯವರೇಜ್ ಕ್ಲಾಸ್. 10 ಲಕ್ಷದ ಸ್ಟಾಕ್‌ಗೆ 6 ಲಕ್ಷ ವಿಮೆ, 5 ಲಕ್ಷ ನಷ್ಟ ಆದ್ರೆ ಸಿಗೋದು 3 ಲಕ್ಷ. ಪರೀಕ್ಷೆಯಲ್ಲಿ ಇದು ಒಂದು ಸಾಲಿನ ಲೆಕ್ಕ.

ನಮ್ಮ ಚಿಕ್ಕಪ್ಪಂದು ತಿಪಟೂರಲ್ಲಿ ಹಾರ್ಡ್‌ವೇರ್ ಅಂಗಡಿ. ಇದೆಲ್ಲ ಓದಿದ ಮೇಲೆ ಕೇಳ್ದೆ, ‘ಚಿಕ್ಕಪ್ಪ, ಇನ್ಶೂರೆನ್ಸ್ ಇದ್ಯಾ?’ ‘ಇದೆ ಕಣೋ, ಲೋನ್ ತಗೊಂಡಾಗ ಬ್ಯಾಂಕಿನೋರೇ ಮಾಡ್ಸಿದ್ರಲ್ಲ’ ಅಂದ್ರು. ಪಾಲಿಸಿ ತರ್ಸಿ ನೋಡಿದ್ರೆ ಮೊತ್ತ ಲೋನ್ ಎಷ್ಟಿತ್ತೋ ಅಷ್ಟೇ. ಸ್ಟಾಕ್ ಅದರ ಎರಡರಷ್ಟು ಹತ್ರ ಇದೆ. ಪೂರ್ತಿ ಸುಟ್ರೆ ಬರೋ ದುಡ್ಡು ಬ್ಯಾಂಕಿನ ಸಾಲಕ್ಕೇ ಹೋಗತ್ತೆ. ‘ಅರ್ಧಕ್ಕೆ ಮಾಡ್ಸಿದ್ರೆ ಅರ್ಧನಾದ್ರೂ ಪೂರ್ತಿ ಬರತ್ತಲ್ಲ?’ ಅಂತ ಕೇಳಿದ್ರು. ಮೇಲಿನ 10, 6, 5 ಲೆಕ್ಕನ ಬಿಲ್ ಪುಸ್ತಕದ ಹಿಂದೆ ಬರ್ದು ತೋರಿಸ್ದೆ. ಸ್ವಲ್ಪ ಹೊತ್ತು ಸುಮ್ನೆ ನೋಡಿದ್ರು.

ಈ ಭಾನುವಾರ ಗೋಡೌನಲ್ಲಿ ಸ್ಟಾಕ್ ಎಣಿಸೋ ಕೆಲಸ ಇದೆ. ಪಟ್ಟಿಯ ಒಂದು ಕಾಪಿ ಅಂಗಡಿಯಲ್ಲಿ, ಇನ್ನೊಂದು ನನ್ನ ಫೋನಲ್ಲಿ. ನಿಮ್ಮನೇಲೂ ಅಂಗಡಿ ಇದ್ರೆ ಪಾಲಿಸಿಯಲ್ಲಿ ‘ಎಕ್ಸ್‌ಕ್ಲೂಷನ್ಸ್’ ಅಂತ ಇರೋ ಪುಟ ಓದಿ, ಡೌಟ್ ಇದ್ರೆ ಕಾಮೆಂಟಲ್ಲಿ ಹಾಕಿ.